ಎರಡನೇ ಮನೆಯ ಎದೆಬಡಿತ

ಒಂಟಿಯಾಗಿ ಇರುವವರಿಗೆಂದು ಮೊದಲು ಬಂದದ್ದು ಕೈಪಟ್ಟಿ. ಕಟ್ಟಿಕೊಂಡವರು ಜಾರಿ ಬಿದ್ದರೆ, ಎದೆಬಡಿತ ತಪ್ಪಿದರೆ, ಅದು ತಾನಾಗಿಯೇ ಆಸ್ಪತ್ರೆಗೆ ಸುದ್ದಿ ಮುಟ್ಟಿಸುತ್ತಿತ್ತು. ಮಂಡ್ಯದಲ್ಲಿ ಆ ಹೊತ್ತಿಗೆ ಮೂರು ಮನೆಗಳಲ್ಲಿ ಒಂದರಲ್ಲಿ ಒಬ್ಬರೇ ಇರುತ್ತಿದ್ದರು. ಎಂಟುನೂರು ಪಟ್ಟಿ ಹಂಚಿ, ಆರು ತಿಂಗಳ ಮೇಲೆ ಹೋಗಿ ನೋಡಿದರೆ ಅವು ಮೊಳೆಗೆ ನೇತುಬಿದ್ದಿದ್ದವು, ಅಕ್ಕಿ ಡಬ್ಬದಲ್ಲಿದ್ದವು, ದೇವರ ಪಟದ ಹಿಂದೆ ಇದ್ದವು. ನಮಗೇನಾಗಿದೆ ಎಂದು ಇದನ್ನು ಕಟ್ಟಿಕೊಂಡು ತಿರುಗಬೇಕು ಎಂಬುದು ಎಲ್ಲರ ಮಾತು. ಒಬ್ಬ ಹೆಂಗಸು ಮಾತ್ರ ಅದನ್ನು ತನ್ನ ನಾಯಿಯ ಕೊರಳಿಗೆ ಕಟ್ಟಿದ್ದಳು. ತಾನು ಗಟ್ಟಿಯಾಗಿದ್ದೇನೆ, ನಾಯಿಗೇ ವಯಸ್ಸಾಗಿರುವುದು ಎಂದಳು.

ಕಾವಲುಮಣಿ ಹುಟ್ಟಿದ್ದು ಅಲ್ಲಿಂದ. ಹುಣಸೆಬೀಜದಷ್ಟು ದೊಡ್ಡ ಬೂದು ಮಣಿ. ದಾರಕ್ಕೆ ಪೋಣಿಸಿ ನಾಯಿಗೋ ಬೆಕ್ಕಿಗೋ ಕಟ್ಟುವುದು. ಪ್ರಾಣಿ ಅಗಿಯುವ, ನೆಕ್ಕುವ ಸದ್ದಿನಿಂದ ಅದು ಯಾವಾಗ ತಿಂದಿತು ಎಂದು ಮಣಿ ತಿಳಿದುಕೊಳ್ಳುತ್ತಿತ್ತು. ಯಾವ ಬೀದಿಯಲ್ಲಿದೆ ಎಂದು ಹೇಳುತ್ತಿತ್ತು. ಯಾವ ಮನೆ ಎಂದು ಹೇಳುವಷ್ಟು ನಿಖರವಾಗಿರಲಿಲ್ಲ. ಪ್ರಾಣಿ ಮಡಿಲಲ್ಲಿ ಕೂತಾಗ, ಪಕ್ಕದಲ್ಲಿ ಮಲಗಿದಾಗ ಸಾಕಿದವರ ಎದೆಬಡಿತವೂ ಅದಕ್ಕೆ ಕೇಳುತ್ತಿತ್ತು. ಪ್ರತಿಯೊಬ್ಬರ ಎದೆಗೂ ಅದರದೇ ನಡಿಗೆ ಇರುತ್ತದೆ. ಮೊದಲ ವಾರದಲ್ಲೇ ಮಣಿ ಆ ನಡಿಗೆಯನ್ನು ಕಲಿತುಬಿಡುತ್ತಿತ್ತು. ಬೆಕ್ಕಾದರೆ ಹದಿನಾಲ್ಕು ಗಂಟೆ, ನಾಯಿಯಾದರೆ ಹದಿನೆಂಟು ಗಂಟೆ ಊಟ ಬೀಳದೆ, ಸಾಕಿದವರ ಎದೆಬಡಿತವೂ ಕೇಳದೆ ಹೋದರೆ ಮಣಿ ಕಾವಲು ಕೇಂದ್ರಕ್ಕೆ ಸುದ್ದಿ ಕೊಡುತ್ತಿತ್ತು.

ತಮಗೆ ಬೇಡವೆಂದ ಕಾವಲನ್ನು ಜನ ಪ್ರಾಣಿಗಳಿಗೆ ಬೇಡವೆನ್ನಲಿಲ್ಲ. ಒಂದೇ ಒಂದು ಅನುಮಾನ ಇತ್ತು. ಮಣಿಯನ್ನು ರೂಪಿಸಿದ ಎಂಜಿನಿಯರ್ ನಸೀಮಾ ಮನೆಮನೆಗೆ ಹೋಗಿ ವಿವರಿಸುತ್ತಿದ್ದಾಗ ಒಬ್ಬರಲ್ಲ ಒಬ್ಬರು ಅದನ್ನೇ ಕೇಳುತ್ತಿದ್ದರು: ನಮ್ಮನೆಗೆ ಯಾರು ಬಂದು ಹೋದ್ರು ಅಂತ ಬೆಕ್ಕು ಚಾಡಿ ಹೇಳಲ್ಲ ತಾನೆ? ಹೇಳುವುದಿಲ್ಲ ಎಂದು ನಸೀಮಾ ಮಾತು ಕೊಟ್ಟಿದ್ದಳು. ಬೇರೆಯವರ ಎದೆಬಡಿತ ಕೇಳಿದರೆ ಮಣಿ ಅದನ್ನು ‘ಸದ್ದು’ ಎಂದು ಬೇರೆ ಬುಟ್ಟಿಗೆ ಹಾಕುತ್ತಿತ್ತು. ಸಾಕಿದವರನ್ನು ಸರಿಯಾಗಿ ಬೇರ್ಪಡಿಸಿ ಗುರುತಿಸಲು ಮಣಿಗೆ ಆ ಸದ್ದು ಹದಿನೈದು ದಿನ ಬೇಕಾಗುತ್ತಿತ್ತು, ಆಮೇಲೆ ಅಳಿಸಿಹೋಗುತ್ತಿತ್ತು. ಆ ಬುಟ್ಟಿಯನ್ನು ಯಾರೂ ತೆರೆಯಕೂಡದು. ಅದು ನಿಯಮ.

ಮಣಿ ಬೇಕೆಂದವರು ಒಂದು ಕಾಗದ ತುಂಬಬೇಕಿತ್ತು. ಪ್ರಾಣಿ ಯಾರದು, ನಿಮಗೆ ಆಗದಿದ್ದಾಗ ಅದರ ಎರಡನೇ ಮನೆ ಯಾವುದು. ಮೊದಲನೆಯದನ್ನು ಎಲ್ಲರೂ ಸರಸರ ಬರೆದರು. ಎರಡನೆಯದರ ಹತ್ತಿರ ಪೆನ್ನು ನಿಂತಿತು. ನಾನು ಹೋದರೆ ನನ್ನ ನಾಯಿಯನ್ನು ನೋಡಿಕೊಳ್ಳುತ್ತೀರಾ ಎಂದು ಪಕ್ಕದ ಮನೆಯವರನ್ನು ಕೇಳುವುದು ಹೇಗೆ? ಕೇಳಿದರೂ ಅವರು ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಅದಕ್ಕಿಂತ ಕೇಳದೆ ಬರೆದುಬಿಡುವುದೇ ಮರ್ಯಾದೆ. ಇಲ್ಲ ಎನ್ನಲಾರದವರ ಹೆಸರು ಬರೆದರಾಯಿತು.

ಹಿಂದೆ ಟೆಂಟ್ ಸಿನಿಮಾ ಇದ್ದ ಮೈದಾನದ ಪಕ್ಕದ ಎರಡು ಬೀದಿಗಳಲ್ಲಿ ಅಂಥವರು ಒಬ್ಬರಿದ್ದರು, ಜಯಶೀಲಮ್ಮ. ಇಪ್ಪತ್ತೊಂಬತ್ತು ವರ್ಷ ನಾಗಮಂಗಲದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಮದುವೆ ಆಗಿರಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಚಿಲ್ಲರೆ ಇಲ್ಲವೆಂದು ಯಾರನ್ನೂ ದಾರಿಯಲ್ಲಿ ಇಳಿಸಿದವರಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು.

ಕಾವಲು ಕೇಂದ್ರದಲ್ಲಿ ಹಗಲು ಪಾಳಿಯ ಪರದೆ ನೋಡುವವಳು ಪ್ರಫುಲ್ಲ. ಮಣಿ ಸುದ್ದಿ ಕೊಟ್ಟರೆ ಮೊದಲು ಸಾಕಿದವರಿಗೆ, ಆಮೇಲೆ ಎರಡನೇ ಮನೆಗೆ ಫೋನ್ ಮಾಡುವುದು ಅವಳ ಕೆಲಸ. ಟೆಂಟ್ ಮೈದಾನದ ಬೀದಿಗಳಿಗೆ ಮಾಡಿದ ಫೋನೆಲ್ಲ ಒಬ್ಬರಿಗೇ ಹೋಗುತ್ತಿತ್ತು. ಎರಡನೇ ರಿಂಗಿಗೇ ಆ ಕಡೆಯಿಂದ ದೊಡ್ಡ ಗಂಟಲು ಬರುತ್ತಿತ್ತು: “ಹೇಳವ್ವ, ಯಾರ ಮನೆ?”

ಕೆಲಸ ಕಡಿಮೆ ಇದ್ದ ಒಂದು ಮಧ್ಯಾಹ್ನ ಪ್ರಫುಲ್ಲ ಕಾಗದಗಳನ್ನು ತೆಗೆದು ಎಣಿಸಿದಳು. ಹದಿನೇಳು ನಾಯಿ, ಹನ್ನೊಂದು ಬೆಕ್ಕು, ಎರಡು ಮೊಲ, ಒಂದು ಆಡು. ಮೂವತ್ತೊಂದು ಕಾಗದದಲ್ಲಿ ಜಯಶೀಲಮ್ಮನ ಹೆಸರು. ಫೋನ್ ಮಾಡಿ, ಇವರೆಲ್ಲ ನಿಮ್ಮನ್ನು ಕೇಳಿ ಬರೆದಿದ್ದಾರೆಯೇ ಎಂದು ವಿಚಾರಿಸಿದಳು. ಒಬ್ಬರೂ ಕೇಳಿರಲಿಲ್ಲ.

“ಮೂವತ್ತೊಂದಾ?” ಎಂದು ಜಯಶೀಲಮ್ಮ ನಕ್ಕರು. “ಸೀಟು ನಲವತ್ತೆರಡು ಅವೆ. ಇನ್ನೂ ಹತ್ಕಳ್ಳಿ ಬುಡು.”

ಹಾಗಾದರೆ ನಿಮ್ಮ ಎರಡನೇ ಮನೆ ಯಾವುದು ಎಂದು ಪ್ರಫುಲ್ಲ ಕೇಳಿದಳು. ತಾನು ಏನನ್ನೂ ಸಾಕಿಲ್ಲ, ತನಗೆ ಎರಡನೇ ಮನೆ ಯಾತಕ್ಕೆ ಎಂದರು. ಅಷ್ಟರಲ್ಲಿ ಫೋನಿನ ಪಕ್ಕದಲ್ಲೇ ಬೆಕ್ಕೊಂದು ಕೂಗಿತು.

“ಅದು ನಂದಲ್ಲ ಕಣವ್ವ,” ಎಂದರು ಜಯಶೀಲಮ್ಮ. “ಕೊರಳಲ್ಲಿ ಬ್ಯಾರೆಯೋರ ಮಣಿ ಅದೆ. ಬತ್ತದೆ, ಉಂಡು ಹೋಯ್ತದೆ.”

ಮಣಿಯ ಮೇಲೆ ನಂಬರ್ ಇರುತ್ತದೆ, ಓದಿ ಹೇಳಿದರೆ ಯಾರದೆಂದು ಈಗಲೇ ತಿಳಿಸುತ್ತೇನೆ ಎಂದಳು ಪ್ರಫುಲ್ಲ. “ಬ್ಯಾಡ ಬುಡು,” ಎಂದು ಜಯಶೀಲಮ್ಮ ಫೋನ್ ಇಟ್ಟರು. ಯಾರದೆಂದು ಗೊತ್ತಾದರೆ ಹೋಗಿ ಒಪ್ಪಿಸಬೇಕಾಗುತ್ತದೆ ಎಂಬ ಭಯ ಆ ದೊಡ್ಡ ಗಂಟಲಿನಲ್ಲಿ ಇತ್ತೆಂದು ಪ್ರಫುಲ್ಲಳಿಗೆ ಆವತ್ತು ಹೊಳೆಯಲಿಲ್ಲ.

ಇದಾಗಿ ಎರಡು ತಿಂಗಳಿಗೆ, ಮದುವೆಗಳ ಕಾಲದ ಒಂದು ಬುಧವಾರ, ಪ್ರಫುಲ್ಲ ಮಗಳು ಚಿನ್ಮಯಿಗೆ ಜಡೆ ಹಾಕುತ್ತ ಒಲೆಯ ಮೇಲಿನ ಉಪ್ಪಿಟ್ಟಿನ ಕಡೆಗೊಂದು ಕಣ್ಣಿಟ್ಟಿದ್ದಳು. ಗಂಡ ತೀರಿಕೊಂಡು ನಾಲ್ಕು ವರ್ಷ. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಚಿನ್ಮಯಿ ಶಾಲೆಯಿಂದ ತಂದ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ತಾಯಿ ಸಿಗದಿದ್ದಾಗ ಯಾರಿಗೆ ತಿಳಿಸಬೇಕು ಎಂಬ ಜಾಗಕ್ಕೆ ಬಂದು ನಿಲ್ಲಿಸಿದಳು. ನಸೀಮಾ ಆಂಟಿ ಎಂದು ಬರಿ ಎಂದಳು ಪ್ರಫುಲ್ಲ. ಪ್ರತಿ ವರ್ಷ ಬರೆಯುತ್ತಿದ್ದದ್ದು ಅದನ್ನೇ.

“ಆಂಟಿಗೆ ಹೇಳಿದೀಯಾ?”

“ಹೇಳ್ತೀನಿ.”

“ಹೋದ ವರ್ಷಾನೂ ಹೇಳ್ತೀನಿ ಅಂದಿದ್ದೆ.”

ತಲೆ ಅಲ್ಲಾಡಿಸಬೇಡ, ಬೈತಲೆ ಸೊಟ್ಟಗಾಗುತ್ತದೆ ಎಂದು ಪ್ರಫುಲ್ಲ ಮಾತು ಮುಗಿಸಿದಳು.

ಕೇಂದ್ರಕ್ಕೆ ಬಂದು, ರಾತ್ರಿ ಪಾಳಿಯವರಿಂದ ಪುಸ್ತಕ ತೆಗೆದುಕೊಂಡು ಕೂತು ಒಂದು ಗಂಟೆಯಾಗಿತ್ತು. ಹತ್ತು ಗಂಟೆಗೆ ಸರಿಯಾಗಿ ಇನ್ನೂರ ಎಂಟನೇ ನಂಬರಿನ ಮಣಿ ಪರದೆಯ ಮೇಲೆ ಕೆಂಪಗಾಯಿತು.

ಅದು ಬೇಗಡೆ ಎಂದು ರಾಗದ ಹೆಸರಿಟ್ಟ ಬೆಕ್ಕಿನದು. ಸಾಕಿದವನು ಚೆಲುವರಾಜು, ಮದುವೆಮನೆಗಳಲ್ಲಿ ನಾಗಸ್ವರ ನುಡಿಸುವವನು, ಟೆಂಟ್ ಮೈದಾನದ ಹಿಂದಿನ ಬೀದಿಯಲ್ಲಿ ಒಬ್ಬನೇ ಇರುವವನು. ಮದುವೆ ಕಾಲದಲ್ಲಿ ತಿಂಗಳಿಗೆ ಹದಿನೈದು ದಿನ ಊರಲ್ಲಿರುತ್ತಿರಲಿಲ್ಲ. ಆದರೂ ಮಣಿ ಕಟ್ಟಿದ ಮೂರು ವರ್ಷದಲ್ಲಿ ಅದು ಒಂದು ಸಲವೂ ಕೆಂಪಗಾಗಿರಲಿಲ್ಲ. ಸಾಕಿದವನು ಇರಲಿ ಬಿಡಲಿ, ಆ ಬೆಕ್ಕು ಹೊತ್ತು ಹೊತ್ತಿಗೆ ತಿನ್ನುತ್ತಿತ್ತು. ಉಪವಾಸವೇ ಗೊತ್ತಿಲ್ಲದ ಬೆಕ್ಕು ಎಂದು ನಸೀಮಾ ತಮಾಷೆ ಮಾಡುತ್ತಿದ್ದಳು. ಅದು ಈಗ ಹಿಂದಿನ ಸಂಜೆ ಎಂಟರಿಂದ ಏನನ್ನೂ ತಿಂದಿರಲಿಲ್ಲ.

ಪ್ರಫುಲ್ಲ ಚೆಲುವರಾಜುವಿಗೆ ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಎರಡನೇ ಮನೆ ಎಂದಿದ್ದಲ್ಲಿ ಜಯಶೀಲಮ್ಮನ ಹೆಸರೇ ಇತ್ತು. ಅಲ್ಲಿಗೆ ಮಾಡಿದಳು. ಎರಡು ರಿಂಗ್, ನಾಲ್ಕು, ಎಂಟು. ಸ್ನಾನಕ್ಕೆ ಹೋಗಿರಬಹುದು ಎಂದುಕೊಂಡಳು. ಐದು ನಿಮಿಷ ಬಿಟ್ಟು ಮತ್ತೆ ಮಾಡಿದಳು. ಎತ್ತಲಿಲ್ಲ.

ನಿಯಮದ ಪ್ರಕಾರ ಇದು ಗಾಬರಿಯ ವಿಷಯವಲ್ಲ. ಒಂದು ಹೊತ್ತು ತಿನ್ನದ ಬೆಕ್ಕಿಗಾಗಿ ಸಂಜೆಯವರೆಗೆ ಕಾಯಬಹುದು. ಆದರೂ ಅವಳು ಮಣಿಯ ಬೆಳಗಿನ ದಾಖಲೆ ತೆಗೆದು ನೋಡಿದಳು. ಐದು ಐವತ್ತರಿಂದ ಬೆಕ್ಕು ಇದ್ದಲ್ಲಿಂದ ಕದಲಿಲ್ಲ. ಇರುವುದೂ ಚೆಲುವರಾಜುವಿನ ಬೀದಿಯಲ್ಲಲ್ಲ, ಮುಂದಿನ ಬೀದಿಯಲ್ಲಿ. ನಾಲ್ಕು ಗಂಟೆಗೂ ಹೆಚ್ಚು ಹೊತ್ತಿನಿಂದ ಒಂದೇ ಸಮನೆ ಗುರುಗುರು ಎನ್ನುತ್ತಿದೆ.

ನಸೀಮಾಳನ್ನು ಒಳಗಿನ ಕೋಣೆಯಿಂದ ಕರೆದು ತೋರಿಸಿದಳು. ಬೆಕ್ಕು ಬೆಚ್ಚಗೆ ಮಲಗಿದೆ, ಮಲಗಲಿ ಬಿಡಿ ಮೇಡಂ ಎಂದಳು ನಸೀಮಾ.

ಮಲಗಿದ ಬೆಕ್ಕು ಇಷ್ಟು ಹೊತ್ತು ಗುರುಗುಟ್ಟುವುದಿಲ್ಲ. ಚಿನ್ಮಯಿಗೆ ಡೆಂಗಿ ಆಗಿದ್ದಾಗ ಪ್ರಫುಲ್ಲ ಒಂದು ಹಗಲೆಲ್ಲ ಅವಳ ಬೆನ್ನು ತಟ್ಟುತ್ತ ಕೂತಿದ್ದಳು. ಸಂಜೆ ನರ್ಸ್ ಬಂದು ನೀವು ಊಟ ಮಾಡಿದಿರಾ ಎಂದು ಕೇಳಿದಾಗಲೇ ತಾನು ನೀರೂ ಕುಡಿದಿಲ್ಲವೆಂದು ಗೊತ್ತಾದದ್ದು. ಮಲಗಿದವರು ಹಸಿವಾದರೆ ಏಳುತ್ತಾರೆ. ಕಾಯುತ್ತ ಕೂತವರು ಏಳುವುದಿಲ್ಲ. ಅದನ್ನು ನಸೀಮಾಳಿಗೆ ಹೇಗೆ ಹೇಳುವುದೆಂದು ತಿಳಿಯದೆ, “ಅದು ಯಾರನ್ನೋ ನೋಡ್ಕೋತಾ ಇದೆ ಅನ್ಸತ್ತೆ,” ಎಂದಳು.

ಹತ್ತು ಐವತ್ತಕ್ಕೆ ಚೆಲುವರಾಜು ತಾನೇ ಫೋನ್ ಮಾಡಿದ. ಕೊಳ್ಳೇಗಾಲದ ಛತ್ರದಲ್ಲಿದ್ದ. ಮುಹೂರ್ತದ ಹೊತ್ತು, ನಾಗಸ್ವರ ಬಾಯಲ್ಲಿದ್ದಾಗ ಜೇಬಿನಲ್ಲಿ ಫೋನು ನಡುಗಿದ್ದು ಗೊತ್ತಾಗಿದ್ದರೂ ಗಟ್ಟಿಮೇಳ ನಿಲ್ಲಿಸುವಂತಿರಲಿಲ್ಲ. ತಾಳಿ ಕಟ್ಟಿದ ಮೇಲೆ ಹೊರಗೆ ಓಡಿ ಬಂದಿದ್ದ. ಮೊದಲು ಕೇಳಿದ್ದೇ ಅದು: “ಸತ್ತೋಯ್ತಾ ಮೇಡಂ?”

ಬದುಕಿದೆ, ಮುಂದಿನ ಬೀದಿಯಲ್ಲಿ ಯಾರದೋ ಮನೆಯಲ್ಲಿದೆ ಎಂದಳು ಪ್ರಫುಲ್ಲ. ಅಲ್ಲಿ ಅದಕ್ಕೆ ರೂಢಿ ಇರುವ ಮನೆ ಯಾವುದು ಎಂದು ಕೇಳಿದಳು.

“ಇಲ್ವೇ ಇಲ್ಲ. ಅದು ನನ್ನ ಬುಟ್ಟು ಒಬ್ರ ತಾವಕ್ಕೂ ಹೋಗಕ್ಕಿಲ್ಲ. ನಾನು ಮೂರು ದಿನ ಬರದೆ ಇದ್ರೂ ನಾನು ಇಟ್ಟಿದ್ದು ತಿನ್ಕಂಡು ನನ್ನ ಹಾಸ್ಗೆ ಮೇಲೇ ಬಿದ್ದಿರ್ತದೆ.” ನಿಮ್ಮ ಮಣಿಯೇ ಕೆಟ್ಟಿರಬೇಕು ಎಂದ.

ಫೋನ್ ಇಟ್ಟ ಮೇಲೆ ಪ್ರಫುಲ್ಲ ಸದ್ದಿನ ಬುಟ್ಟಿ ತೆರೆಯಲು ಹೇಳಿದಳು. ನಸೀಮಾ ಆಗುವುದಿಲ್ಲ ಎಂದಳು. ಚೆಲುವರಾಜು ಒಪ್ಪಿದರೂ ಪ್ರಯೋಜನವಿಲ್ಲ, ಬುಟ್ಟಿಯಲ್ಲಿರುವುದು ಅವನ ಎದೆಬಡಿತವಲ್ಲ. ಯಾರದೋ, ಅವರ ಒಪ್ಪಿಗೆ ಬೇಕು. ಯಾರೆಂದು ತಿಳಿಯಲು ಬುಟ್ಟಿ ತೆರೆಯಬೇಕು. ಮನೆಮನೆಯಲ್ಲಿ ಕೂತು ಚಹಾ ಕುಡಿದು ಮಾತು ಕೊಟ್ಟು ಬಂದವಳು ತಾನು.

“ತೆಗೆದು ನೋಡಿದಾಗ ಏನೂ ಇಲ್ಲದಿದ್ರೆ?” ಎಂದಳು.

“ಏನೂ ಇಲ್ಲದಿದ್ರೆ ತಪ್ಪಾಯ್ತು ಅಂತ ಇಬ್ರೂ ಹೇಳೋಣ.”

ನಸೀಮಾ ಪುಸ್ತಕ ಎಳೆದುಕೊಂಡು ತಾರೀಖು, ಹೊತ್ತು, ತೆರೆಯುತ್ತಿರುವವಳ ಹೆಸರು ಬರೆದು ಸಹಿ ಹಾಕಿದಳು. ಆಮೇಲೆ ಇನ್ನೂರ ಎಂಟನೇ ಮಣಿಯೊಂದರ ಬುಟ್ಟಿ ಮಾತ್ರ ತೆರೆದಳು.

ಹದಿನೈದು ದಿನದ ಸದ್ದು ಪರದೆಯ ಮೇಲೆ ಗೆರೆಗೆರೆಯಾಗಿ ಹರಡಿತು. ಅದರಲ್ಲಿ ಸದ್ದು ಎನ್ನುವಂಥದ್ದು ಸ್ವಲ್ಪವೇ. ಉಳಿದದ್ದೆಲ್ಲ ಒಂದೇ ಎದೆ, ನಿಮಿಷಕ್ಕೆ ಎಪ್ಪತ್ತರಂತೆ, ಅವಸರವಿಲ್ಲದ ನಡಿಗೆ. ದಿನಾ ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರೂವರೆಯವರೆಗೆ. ಚೆಲುವರಾಜು ಊರಲ್ಲಿಲ್ಲದ ದಿನಗಳಲ್ಲಿ ಹಗಲು ರಾತ್ರಿ. ಬೆಕ್ಕು ಅವನ ಹಾಸಿಗೆಯ ಮೇಲೆ ಬಿದ್ದಿರುತ್ತಿರಲಿಲ್ಲ. ಇನ್ನೊಬ್ಬರ ಮಡಿಲಲ್ಲಿ ಇರುತ್ತಿತ್ತು.

ನಸೀಮಾ ಆ ದಿನದ ಗೆರೆಗೆ ಬಂದಳು. ಐದು ಐವತ್ತರಿಂದ ಅದೇ ಎದೆ. ಆದರೆ ನಿಮಿಷಕ್ಕೆ ನೂರ ಹದಿನೆಂಟು, ಗೆರೆ ತೆಳ್ಳಗೆ. ಐದು ಗಂಟೆ ಹೊತ್ತು ಒಂದು ಕ್ಷಣವೂ ಬಿಡದೆ ಬೆಕ್ಕು ಅದರ ಪಕ್ಕದಲ್ಲಿತ್ತು.

ಆ ಬೀದಿಯಲ್ಲಿ ಇಪ್ಪತ್ತೆರಡು ಮನೆ. ಒಂದೊಂದು ಬಾಗಿಲನ್ನೂ ತಟ್ಟಿಸಬೇಕು, ಅಲ್ಲಿಗೆ ಯಾರನ್ನು ಕಳಿಸುವುದು ಎಂದಳು ನಸೀಮಾ. ಪ್ರಫುಲ್ಲಳ ಕೈ ರೂಢಿಯಂತೆ ಫೋನಿಗೆ ಹೋಗಿತ್ತು. ಆ ಬೀದಿಯಲ್ಲಿ ಏನು ಬೇಕಾದರೂ ಅವಳು ಕೇಳುತ್ತಿದ್ದದ್ದು ಅಲ್ಲೇ ಇರುವ ಜಯಶೀಲಮ್ಮನನ್ನು. ನಂಬರಿನ ಮೇಲೆ ಬೆರಳಿಟ್ಟಾಗ ಅವಳಿಗೆ ಆ ಮಧ್ಯಾಹ್ನದ ಮಾತು ನೆನಪಾಯಿತು. ಕೊರಳಲ್ಲಿ ಬೇರೆಯವರ ಮಣಿ ಇದೆ. ಬರುತ್ತದೆ, ಉಂಡು ಹೋಗುತ್ತದೆ.

ಆಂಬುಲೆನ್ಸಿಗೆ ವಿಳಾಸ ಹೇಳಿ, ಪರದೆಯನ್ನು ನಸೀಮಾಳಿಗೆ ಒಪ್ಪಿಸಿ, ಪ್ರಫುಲ್ಲ ಸ್ಕೂಟರ್ ಹತ್ತಿದಳು.

ಜಯಶೀಲಮ್ಮನ ಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಪಕ್ಕದ ಮನೆಯವರು ಹೊರಗೆ ಬಂದು, ಅವರು ಎಲ್ಲೋ ಯಾರದೋ ನಾಯಿಗೆ ಊಟ ಹಾಕಲು ಹೋಗಿರುತ್ತಾರೆ, ಮನೆಯಲ್ಲಿ ಎಲ್ಲಿ ಕೂರುತ್ತಾರೆ ಎಂದರು. ಇವರ ಹಿಂಬಾಗಿಲ ಕೀ ಯಾರ ಹತ್ತಿರ ಇದೆ ಎಂದು ಪ್ರಫುಲ್ಲ ಕೇಳಿದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಮನೆ ಕೀ ಅವರ ಹತ್ತಿರ ಇದೆ ಎಂದರು ಒಬ್ಬರು. ನಮ್ಮದೂ ಎಂದರು ಇನ್ನೊಬ್ಬರು.

ಹಿತ್ತಲಿಗೆ ಹೋದರು. ಅಡಿಗೆಮನೆಯ ಹಿಂಬಾಗಿಲಿಗೂ ಒಳಗಿನಿಂದ ಚಿಲಕ. ಅದರ ಪಕ್ಕದ ಕಿಟಕಿಗೆ ಸೊಳ್ಳೆ ಜಾಲರಿ ಹೊಡೆದಿತ್ತು. ಜಾಲರಿಯ ಕೆಳಮೂಲೆಯಲ್ಲಿ ಊಟದ ತಟ್ಟೆಯಷ್ಟು ದುಂಡಗೆ ಕತ್ತರಿಸಿದ ಕಂಡಿ. ತಂತಿ ಚುಚ್ಚದಿರಲೆಂದು ಅದರ ಸುತ್ತ ಖಾಕಿ ಬಟ್ಟೆಯ ಪಟ್ಟಿ ಮಡಚಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿತ್ತು. ಹಳೆಯ ಯೂನಿಫಾರ್ಮಿನ ಬಟ್ಟೆ. ತನ್ನದಲ್ಲದ ಬೆಕ್ಕಿಗೆ ಯಾರೂ ಇಷ್ಟು ಹೊಲಿಯುವುದಿಲ್ಲ. ಪ್ರಫುಲ್ಲ ಆ ಕಂಡಿಯಲ್ಲಿ ಭುಜದವರೆಗೆ ಕೈ ತೂರಿಸಿ, ಕಾಣದೆ ತಡಕಾಡಿ, ಬಾಗಿಲ ಚಿಲಕ ಎಳೆದಳು.

ಜಯಶೀಲಮ್ಮ ಒಲೆಕಟ್ಟೆಗೂ ನೀರಿನ ಡ್ರಮ್ಮಿಗೂ ನಡುವೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಬೆಳಗ್ಗೆ ಹಾಲು ಕಾಯಿಸಲು ಬಂದವರು ಒದ್ದೆ ನೆಲದಲ್ಲಿ ಜಾರಿದ್ದರು. ತುಟಿ ಒಣಗಿತ್ತು, ಪ್ರಜ್ಞೆ ಇತ್ತು. ಬೂದು ಬಣ್ಣದ ಬೆಕ್ಕು ಅವರ ಕಂಕುಳಿಗೆ ಒತ್ತಿಕೊಂಡು ಕೂತಿತ್ತು. ಇಷ್ಟು ಜನ ಒಳಗೆ ಬಂದರೂ ಏಳಲಿಲ್ಲ. ಗೋಡೆಯ ಮೇಲೆ ಸಾಲಾಗಿ ಮೊಳೆ ಹೊಡೆದು ಕೀಗಳನ್ನು ನೇತುಹಾಕಿತ್ತು. ಒಂದೊಂದಕ್ಕೂ ರಟ್ಟಿನ ಚೀಟಿ, ಚೀಟಿಯ ಮೇಲೆ ಮನೆಯವರ ಹೆಸರು, ಪ್ರಾಣಿಯ ಹೆಸರು. ಬಂದವರೆಲ್ಲ ತಮ್ಮ ತಮ್ಮ ಕೀಯನ್ನು ಅಲ್ಲಿ ಕಂಡರು.

“ಬಂದ್ಯವ್ವ,” ಎಂದರು ಜಯಶೀಲಮ್ಮ, ಧ್ವನಿಯಿಂದಲೇ ಗುರುತಿಸಿ. ದೊಡ್ಡ ಗಂಟಲು ಅರ್ಧಕ್ಕರ್ಧ ಇಳಿದಿತ್ತು. “ಫೋನು ಹೊಡ್ಕತಿತ್ತು. ಎಟಕ್ಲಿಲ್ಲ. ಯಾ‌ರ ಮನೆಗೆ ಹೋಗ್ಬೇಕಿತ್ತು?”

ಈ ಮನೆಗೇ ಎಂದಳು ಪ್ರಫುಲ್ಲ.

ಆಂಬುಲೆನ್ಸಿನವರು ಸ್ಟ್ರೆಚರಿನ ಪಟ್ಟಿ ಬಿಗಿಯುತ್ತಿದ್ದಾಗ ಜಯಶೀಲಮ್ಮ ಒಂದೇ ಮಾತು ಹೇಳಿದರು. ಪಾಸಿಗೆ ಬೆಳಗ್ಗೆಯಿಂದ ಏನೂ ಇಲ್ಲ, ಮೊದಲು ಅದಕ್ಕೆ ಹಾಲು ಹಾಕಿ. ಟಿಕೆಟ್ ಇಲ್ಲದೆ ಓಡಾಡುತ್ತದೆಂದು ಬೆಕ್ಕಿಗೆ ಅವರಿಟ್ಟ ಹೆಸರು ಪಾಸು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಇನ್ನೂ ಎರಡು ಮೂರು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆರು ವಾರ ಕಾಲೂರುವಂತಿರಲಿಲ್ಲ.

ಅಂದರೆ ಮೂವತ್ತೊಂದು ಪ್ರಾಣಿಗಳಿಗೆ ಆರು ವಾರ ಎರಡನೇ ಮನೆ ಇರಲಿಲ್ಲ. ನಸೀಮಾ ಕಾಗದವನ್ನು ಹೊಸದಾಗಿ ಮಾಡಿದಳು. ಎರಡನೇ ಮನೆಯವರನ್ನು ಎದುರಿಗೆ ಕೂತು ಕೇಳಿದ್ದೀರಾ ಎಂದು ಒಂದು ಸಾಲು, ಹೂಂ ಎಂದವರ ಸಹಿಗೆ ಒಂದು ಜಾಗ. ಪ್ರಫುಲ್ಲ ಪಾಳಿ ಮುಗಿಸಿ ದಿನಾ ಸಂಜೆ ಆ ಎರಡು ಬೀದಿ ಸುತ್ತಿದಳು. ಜನ ಕೂರಿಸಿ ಕಾಫಿ ಕೊಟ್ಟರು, ಜಯಶೀಲಮ್ಮನ ಆರೋಗ್ಯ ವಿಚಾರಿಸಿದರು, ಕಾಗದ ಮಾತ್ರ ನಾಳೆ ಎಂದರು. ಎದುರುಬದುರು ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಇಬ್ಬರು ಹೆಂಗಸರು ಒಂದು ವಾರ ಯೋಚಿಸಿ, ಕೊನೆಗೆ ಒಬ್ಬಳು ಹೋಗಿ ಕೇಳಿದಾಗ, ನೀವು ಯಾವಾಗ ಕೇಳುತ್ತೀರೋ ಎಂದು ತಾನೂ ಕಾಯುತ್ತಿದ್ದೆ ಎಂದು ಇನ್ನೊಬ್ಬಳು ಅತ್ತಳಂತೆ. ಆಡು ಸಾಕಿದವರಿಗೆ ಮಾತ್ರ ಯಾರೂ ಹೂಂ ಎನ್ನಲಿಲ್ಲ. ಅದು ಎಲ್ಲರ ತುಳಸಿ ಗಿಡ ತಿಂದಿತ್ತು.

ಹೀಗೆ ಊರವರಿಗೆಲ್ಲ ಕೇಳಿ ಎಂದು ಹೇಳಿಕೊಂಡು ತಿರುಗಿದ ಮೇಲೆ ಒಂದು ದಿನ ಪ್ರಫುಲ್ಲ ಊಟದ ಡಬ್ಬ ಬಿಚ್ಚುತ್ತ, ಚಿನ್ಮಯಿಯ ಶಾಲೆಯ ಕಾಗದದ ವಿಷಯ ಎತ್ತಿದಳು. ನಸೀಮಾ ರೊಟ್ಟಿ ಮುರಿಯುತ್ತಲೇ ಇದ್ದಳು.

“ನಾಲ್ಕು ವರ್ಷ ಆಯ್ತು ಮೇಡಂ. ಶಾಲೆಯವರು ಮೊದಲ ವಾರವೇ ಫೋನ್ ಮಾಡಿ, ಈ ನಂಬರ್ ನಿಮ್ಮದೇನಾ ಅಂತ ಕೇಳಿದ್ರು. ಹೌದು ಅಂದೆ. ನೀವಾಗಿ ಹೇಳ್ತೀರಾ ಅಂತ ನೋಡ್ತಿದ್ದೆ.”

ಪ್ರಫುಲ್ಲ ತನ್ನ ಡಬ್ಬದ ಪಲ್ಯವನ್ನೆಲ್ಲ ನಸೀಮಾಳ ಮುಚ್ಚಳಕ್ಕೆ ಹಾಕಿದಳು.

ಮೂರನೇ ವಾರದ ಭಾನುವಾರ ಅವಳು ಕಾಗದಗಳನ್ನು ಹಿಡಿದು ಆಸ್ಪತ್ರೆಗೆ ಹೋದಳು. ಮೊದಲು ಹೇಳಬೇಕಾಗಿದ್ದು ಬೇರೆ ಇತ್ತು. ಒಪ್ಪಿಗೆ ಇಲ್ಲದೆ ನಿಮ್ಮ ಹದಿನೈದು ದಿನದ ಎದೆಬಡಿತವನ್ನು ತೆಗೆದು ನೋಡಿದೆವು, ಅದು ತಪ್ಪು, ನೀವು ದೂರು ಕೊಡಬಹುದು ಎಂದಳು.

“ಇಪ್ಪತ್ತೊಂಬತ್ತು ವರ್ಸ ರಶ್ಶಲ್ಲಿ ನಿಂತಿದೀನಿ ಕಣವ್ವ,” ಎಂದರು ಜಯಶೀಲಮ್ಮ. “ಎಷ್ಟು ಜನದ ಎದೆ ಹೊಡ್ಕಳದು ಕೇಳಿದೀನೋ. ಯಾರ ಒಪ್ಗೆ ತಕ್ಕಂಡಿದ್ದೆ?”

ಚೆಲುವರಾಜು ಆಗಲೇ ಬಂದು ಬಾಗಿಲ ಹತ್ತಿರ ನಿಂತಿದ್ದ. ಐವತ್ತು ದಾಟಿದವನು, ಜರಿ ಪಂಚೆ ಉಟ್ಟು ಮದುವೆಮನೆಯಿಂದ ನೇರ ಬಂದಿದ್ದ. ಬೆಕ್ಕಿನ ವಿಷಯ ತಿಳಿದ ಮೊದಲ ದಿನ ಅವನಿಗೆ ಸಿಟ್ಟೇ ಬಂದಿತ್ತು. ತಾನು ಇಟ್ಟು ಹೋಗುತ್ತಿದ್ದದ್ದನ್ನು ಮೂರು ವರ್ಷದಿಂದ ಹೆಗ್ಗಣ ತಿನ್ನುತ್ತಿದ್ದವೆಂದು ಗೊತ್ತಾಗಿ, ಇಷ್ಟು ದಿನ ಬೇಗಡೆ ತನ್ನನ್ನು ಕಾಯುತ್ತಿದೆ ಎಂದುಕೊಂಡು ಬಸ್ಸು ಹತ್ತುತ್ತಿದ್ದದ್ದು ನೆನೆದು, ಎರಡು ದಿನ ಅದರ ಜೊತೆ ಮಾತಾಡಿರಲಿಲ್ಲ.

ಜಯಶೀಲಮ್ಮ ಅವನನ್ನು ದಿಟ್ಟಿಸಿ ನೋಡಿದರು. ಅಪ್ಪನ ಡೋಲು ಹೊತ್ತುಕೊಂಡು ಹಿಂದಿನ ಬಾಗಿಲಲ್ಲಿ ಹತ್ತುತ್ತಿದ್ದವನು ನೀನೇ ಅಲ್ಲವೇ, ನಿನಗೆ ಯಾವತ್ತೂ ಲಗೇಜ್ ಟಿಕೆಟ್ ಹರಿದವಳಲ್ಲ ಎಂದರು. ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

“ನಿಂದೇ ಕಣಪ್ಪ ಅದು. ನಾನು ಕರೆದಿರ್ಲಿಲ್ಲ, ತಾನಾಗೇ ಬತ್ತಿತ್ತು. ಕಿಟಕಿ ಮುಚ್ಚುಸ್ತೀನಿ ಬುಡು.”

ಚೆಲುವರಾಜು ಜೇಬಿನಿಂದ ಹೊಸ ಕಾಗದ ತೆಗೆದ. ಎರಡನೇ ಮನೆಯ ಜಾಗ ಖಾಲಿ ಇತ್ತು. ಸಾವಿರ ಜನದ ಮುಂದೆ ಉಸಿರು ಕಟ್ಟಿ ನುಡಿಸುವವನಿಗೆ ಇಲ್ಲಿ ಬಾಯಿ ಒಣಗಿತು. ಬೆಕ್ಕು ಈಗ ಮನೆಯಲ್ಲಿ ಹಾಕಿದ್ದನ್ನು ಮೂಸಿ ನೋಡಿ ಹೋಗಿ ನಿಮ್ಮ ಕಿಟಕಿಯಲ್ಲಿ ಕೂರುತ್ತದೆ ಎಂದ. ನಿನ್ನೆಯೂ ಕೂತಿತ್ತು ಎಂದ. ಕಾಗದವನ್ನು ಮಡಚಿ ಮತ್ತೆ ಬಿಚ್ಚಿದ. ಪ್ರಫುಲ್ಲ ಅವನಿಗೆ ಮಾತು ಎತ್ತಿಕೊಡಲಿಲ್ಲ, ಕಾದಳು.

“ಅಮ್ಮಾ,” ಎಂದ ಕೊನೆಗೆ. “ನಂಗೇನಾರ ಆದ್ರೆ, ಅದ್ನ ನೋಡ್ಕತೀರಾ?”

“ಬಿಡ್ತು ಅನ್ನು,” ಎಂದರು ಜಯಶೀಲಮ್ಮ ತಕ್ಷಣ. ಅಂದ ಮೇಲೆ ಇತ್ತ ತಿರುಗಿ ಅವನ ಮುಖ ನೋಡಿದರು. “ನೋಡ್ಕತೀನಿ,” ಎಂದು ಸಹಿಗೆ ಕೈ ಚಾಚಿದರು.

ಪ್ರಫುಲ್ಲ ಇನ್ನೊಂದು ಕಾಗದ ಹೊರಗೆ ತೆಗೆದಳು. ಇದು ನಿಮ್ಮದು ಎಂದಳು. ಮೇಲಿನ ಸಾಲು ಓದಿದಳು: ಪ್ರಾಣಿ ಯಾರದು?

ಜಯಶೀಲಮ್ಮ ಚೆಲುವರಾಜುವಿನ ಕಡೆ ಒಂದು ಸಲ ನೋಡಿದರು. ಅವನು ಕಿಟಕಿಯಾಚೆ ನೋಡುತ್ತಿದ್ದ. ಇಬ್ಬರದು ಎಂದು ಬರೆಯಲು ಜಾಗ ಇದೆಯೇ ಎಂದು ಕೇಳಿದರು. ಇಲ್ಲ, ಒಂದೇ ಹೆಸರಿಗೆ ಇದೆ ಎಂದಳು ಪ್ರಫುಲ್ಲ.

“ಹಂಗಾರೆ ನಂದು ಅಂತ ಬರ್ಕೊ,” ಎಂದರು.

ಎರಡನೇ ಮನೆ ಯಾವುದೆಂದು ಪ್ರಫುಲ್ಲ ಓದಬೇಕಾಗಲಿಲ್ಲ. ಜಯಶೀಲಮ್ಮ ಚೆಲುವರಾಜುವನ್ನು ಹತ್ತಿರ ಕರೆದು, ಅವನು ತಮ್ಮನ್ನು ಕೇಳಿದ್ದನ್ನೇ ತಾವು ಅವನನ್ನು ಕೇಳಿದರು. ಅವನು ಹೂಂ ಎಂದು ಸಹಿ ಹಾಕಿದ. ಒಂದೇ ಮಣಿಗೆ ಎರಡು ಕಾಗದ, ಎರಡರಲ್ಲೂ ಬೇರೆ ಬೇರೆ ಮೊದಲ ಹೆಸರು. ಕೇಂದ್ರದ ಯಂತ್ರ ಇದನ್ನು ತೆಗೆದುಕೊಳ್ಳುವುದಿಲ್ಲ, ನಸೀಮಾ ಏನಾದರೂ ಮಾಡಬೇಕಾಗುತ್ತದೆ ಎಂದುಕೊಂಡು ಪ್ರಫುಲ್ಲ ಎರಡನ್ನೂ ಚೀಲದಲ್ಲಿಟ್ಟಳು.

ಜಯಶೀಲಮ್ಮ ದಿಂಬಿನ ಕೆಳಗೆ ಕೈ ಹಾಕಿ ಒಂದು ಕೀ ತೆಗೆದರು. ಅದಕ್ಕೆ ರಟ್ಟಿನ ಚೀಟಿ ಇರಲಿಲ್ಲ. ಹಿಂಬಾಗಿಲಿನದು ಎಂದು ಚೆಲುವರಾಜುವಿನ ಅಂಗೈಯಲ್ಲಿಟ್ಟು, ಬೆರಳು ಮಡಚಿದರು.

“ದಿನಾ ಬಾಗ್ಲು ತೆಗ್ದು ಒಂದು ಗಳಿಗೆ ಕೂತ್ಕೊ,” ಎಂದರು. “ಜಾಲ್ರಿ ಮಾತ್ರ ಮುಟ್ಟಬ್ಯಾಡ.”